ಆರಬೇಕಿದ್ದ ದೀಪ

ಕಣ್ಣಿಗೆ ಔಷಧಿ ಬಿಟ್ಟ ನರ್ಸಮ್ಮ, "ಸಂಜೆವರೆಗೂ ಬೆಳಕು ಚುಚ್ಚುತ್ತೆ ಅಜ್ಜಾ, ಒಬ್ಬರೇ ಓಡಾಡಬೇಡಿ. ಜೊತೇಲಿ ಯಾರು ಬಂದಿದ್ದಾರೆ?" ಎಂದು ಕೇಳಿದಳು.

"ಸೊಸೆ. ಇಲ್ಲೇ ಕೆಲಸ ಮಾಡ್ತಾಳೆ."

"ಡಾಕ್ಟರಾ?"

"ಅಲ್ಲ."

"ನಮ್ಮ ಹಾಗೆ ನರ್ಸಾ?"

"ಅಲ್ಲಮ್ಮ. ಈ ಆಸ್ಪತ್ರೇಲಿರೋ ಕಂಪ್ಯೂಟರು, ಫೋನು, ಸ್ಕ್ಯಾನಿಂಗ್ ಮಷೀನು ಎಲ್ಲಾ ಒಂದರ ಜೊತೆ ಒಂದು ಮಾತಾಡೋ ಹಾಗೆ ನೋಡ್ಕೊಳ್ಳೋಳು ಅವಳೇ. ನೆಟ್‌ವರ್ಕ್ ವಿಭಾಗ."

"ಓ, ವೈಫೈ ಮೇಡಮ್ಮಾ!" ಎಂದು ನಕ್ಕು ಅವಳು ಮುಂದಿನವರ ರೆಪ್ಪೆ ಎಳೆಯಲು ಹೋದಳು.

ನನಗೆ ಮೈಯೆಲ್ಲ ಉರಿಯಿತು. ನಾನು ಮುಂಗೋಪಿ. ಹೆಂಡತಿ ನನಗಿಟ್ಟಿರುವ ಹೆಸರು ಕುಕ್ಕರ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವ ತೇಯ್ದವನು ನಾನು. ಊರಿನವರ ಮಾತೆಲ್ಲ ನಾನು ಕಟ್ಟಿದ ತಂತಿಗಳಲ್ಲಿ ಹಾದುಹೋಗುತ್ತಿದ್ದ ಕಾಲದಲ್ಲೂ ಬೀದಿಯಲ್ಲಿ ಸಿಕ್ಕವರು ನನ್ನನ್ನು 'ಫೋನ್ ರಿಪೇರಿಯವನು' ಎಂದೇ ಕರೆಯುತ್ತಿದ್ದರು. ಈಗ ಸೊಸೆಯ ಸರದಿ. ಆದರೆ ಆ ದಿನ ಸಿಟ್ಟಿನ ಜೊತೆಗೆ ಒಂದು ಸಮಾಧಾನವೂ ಇತ್ತು. ಸಂಜೆಯೊಳಗೆ ಅವಳು ಆ ಕೆಲಸ ಬಿಡುವವಳಿದ್ದಳು. ಬಿಡು ಎಂದು ಹೇಳಿದವನು ನಾನೇ.

ವಿಷಯ ಇಷ್ಟು. ಒಂದು ಕಾಲಕ್ಕೆ ಆ ವಿಭಾಗದಲ್ಲಿ ಮೂವರಿದ್ದರು. ಒಬ್ಬ ಬೇರೆ ಕಡೆ ಒಳ್ಳೆಯ ಕೆಲಸ ಹಿಡಿದು ಹೋದ. ಇನ್ನೊಬ್ಬಳು, ಇದಕ್ಕಿನ್ನು ಭವಿಷ್ಯವಿಲ್ಲವೆಂದು ವಿಮೆ ಮಾರಲು ಹೊರಟಳು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಉಳಿದವಳು ನನ್ನ ಸೊಸೆ. ಆಸ್ಪತ್ರೆಯ ಆಡಳಿತಾಧಿಕಾರಿ ಅವಳ ಮುಂದೆ ಒಂದು ಬದಲಿ ಹುದ್ದೆ ಇಟ್ಟಿದ್ದರು. ಖರೀದಿ ವಿಭಾಗದಲ್ಲಿ ಕುರ್ಚಿ, ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವ ಕೆಲಸ, ನಿವೃತ್ತಿಯವರೆಗೂ ಯಾರೂ ಅಲುಗಾಡಿಸುವುದಿಲ್ಲ. ಅವಳು ಹೋದರೆ ನೆಟ್‌ವರ್ಕನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿಬಿಡುತ್ತಾರೆ. ಸಂಜೆ ಐದರೊಳಗೆ ಅವಳು ತನ್ನ ಮೊಬೈಲಿಗೆ ಬಂದಿದ್ದ ಆದೇಶದ ಕೆಳಗೆ 'ಒಪ್ಪಿಗೆ' ಒತ್ತಬೇಕು. ಒತ್ತದಿದ್ದರೆ ಬದಲಿ ರದ್ದಾಗುತ್ತದೆ, ಅವಳು ಇದ್ದಲ್ಲೇ ಇರುತ್ತಾಳೆ. ಹೊಸಹೊಸದನ್ನು ಕಲಿಯುತ್ತ, ಪರೀಕ್ಷೆ ಬರೆಯುತ್ತ, ಮುಂದಿನ ವರ್ಷ ಈ ಹುದ್ದೆ ಇರುತ್ತದೋ ಇಲ್ಲವೋ ಎಂದು ಮೇಲಿನವರ ಮುಖ ನೋಡುತ್ತ.

ಆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಕೇಳಿದ್ದಳು: "ಮಾವ, ನೀವೇನಂತೀರಿ?"

ಅವಳಿಗೆ ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು. ಅದಕ್ಕೋ ಏನೋ, ನನ್ನ ಮಾತಿಗೆ ಅವಳು ಕೊಡುವ ಬೆಲೆ ನನ್ನ ಮಗ ಕೊಡುವುದಕ್ಕಿಂತ ಹೆಚ್ಚು. ಮಗ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಮನೆಯಲ್ಲಿ ಯಾವ ಲೆಕ್ಕಕ್ಕೂ ಉತ್ತರ ಕೊಡದವನು. "ನಿನ್ನಿಷ್ಟ" ಎಂದು ಕೈ ತೊಳೆಯಲು ಎದ್ದ.

"ಬಿಟ್ಟುಬಿಡಮ್ಮ," ಎಂದೆ ನಾನು. "ನಮ್ಮ ಎಕ್ಸ್‌ಚೇಂಜ್ ಮುಚ್ಚಿದ ದಿನ ನಾನು ಅಲ್ಲೇ ಇದ್ದೆ. ಕಣ್ಣೆದುರಿಗೇ ಎಲ್ಲಾ ಗುಜರಿಗೆ ಹೋಯ್ತು. ಒರೆಸಿ ಒರೆಸಿ ಫಳಫಳ ಅಂತ ಇಟ್ಕೊಂಡಿದ್ದ ಮಷೀನುಗಳನ್ನ ಲಾರಿಗೆ ಎಸೆದ್ರು. ನೆಲದಲ್ಲಿ ಬೋಲ್ಟಿನ ತೂತು ಮಾತ್ರ ಉಳೀತು. ಹೊಸದು ಬರೋವಾಗ ಯಾರನ್ನೂ ಕೇಳ್ಕೊಂಡು ಬರಲ್ಲ. ನನಗೆ ದೂರು ವಿಭಾಗದಲ್ಲಿ ಒಂದು ಕುರ್ಚಿ ಕೊಟ್ರು ಅಂತ ಬದುಕಿಕೊಂಡೆ. ನಿಂಗೂ ಕುರ್ಚಿ ಸಿಗ್ತಿದೆ, ಸುಮ್ನೆ ಹೋಗಿ ಕೂತ್ಕೋ."

"ಅವರು ಹೇಳೋದು ಸರಿ ಇದೆ," ಎಂದು ಹೆಂಡತಿಯೂ ಒಗ್ಗರಣೆ ಹಾಕಿದಳು. ನನ್ನ ಮಾತು ಸರಿ ಎಂದು ಅವಳು ಒಪ್ಪುವುದು ಅಪರೂಪ. ಸೊಸೆ "ಹ್ಞೂಂ" ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಅವಳ ಮುಖದಲ್ಲಿ ಏನಿತ್ತೋ ನಾನು ಗಮನಿಸಲಿಲ್ಲ.

ಹೀಗೆ ಹೇಳಿ, ಅವಳ ಜೊತೆಯಲ್ಲೇ ಕಣ್ಣು ತೋರಿಸಲು ಬಂದಿದ್ದೆ. ಔಷಧಿ ಬಿಟ್ಟ ಮೇಲೆ ರೋಗಿಗಳು ಕಾಯುವ ಕೋಣೆಯ ಟ್ಯೂಬ್‌ಲೈಟುಗಳು ಒಂದೊಂದೂ ಸೂರ್ಯನೇ ಆದವು. ತಲೆ ತಗ್ಗಿಸಿ ಕಣ್ಣು ಕಿರಿದು ಮಾಡಿ ಕೂತಿದ್ದೆ. ಅವಳು ಬಂದು ಕೈ ಹಿಡಿದಳು.

"ಬನ್ನಿ ಮಾವ, ನನ್ನ ಕೋಣೇಲಿ ಬೆಳಕು ಕಮ್ಮಿ. ಅಲ್ಲೇ ಕೂತ್ಕೊಳ್ಳಿ. ದೊಡ್ಡ ಡಾಕ್ಟ್ರು ನೋಡೋದು ಇನ್ನೂ ತಡ."

ಅವಳು ನಮ್ಮ ಮನೆಗೆ ಬಂದಾಗಿನಿಂದ ಆ ಕೋಣೆ ನೋಡಬೇಕೆಂಬ ಆಸೆ ನನಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ. ಒಮ್ಮೆ ಸುತ್ತುಬಳಸಿ ಕೇಳಿದಾಗ "ಏನಿದೆ ಮಾವ ನೋಡೋಕೆ, ಒಂದಷ್ಟು ಡಬ್ಬ, ಒಂದಷ್ಟು ತಂತಿ" ಎಂದಿದ್ದಳು. ಹಾಗೆ ಹೇಳಿದ್ದು ವಿನಯಕ್ಕಲ್ಲ, ಸುಸ್ತಿಗೆ ಎಂದು ಈಗ ಅನ್ನಿಸುತ್ತದೆ.

ಎರಡು ಮೊಗಸಾಲೆ ದಾಟಿ, ಅಡುಗೆಮನೆಯ ಹಿಂದಿನ ಇಳಿಜಾರಿನಲ್ಲಿ ಇಳಿದು, ಅವಳು ಕೊರಳಿನ ಕಾರ್ಡನ್ನು ಬಾಗಿಲಿಗೆ ತೋರಿಸಿದಳು. ಒಳಗೆ ಮೊದಲು ಅವಳು ಕೂರುವ ಸಣ್ಣ ಕೋಣೆ. ಮೇಜು, ಎರಡು ಕಂಪ್ಯೂಟರು, ಗೋಡೆಯಲ್ಲಿ ಆಸ್ಪತ್ರೆಯ ಕಟ್ಟಡಗಳ ನಕ್ಷೆ ತೋರಿಸುವ ದೊಡ್ಡ ಪರದೆ. ಅದರಾಚೆ ಗಾಜಿನ ಗೋಡೆ. ಗಾಜಿನಾಚೆ ಕತ್ತಲೆ, ಆ ಕತ್ತಲೆಯಲ್ಲಿ ದೀಪಗಳು.

ನಾನು ಅಲ್ಲೇ ನಿಂತುಬಿಟ್ಟೆ.

ಕಡಲೆಕಾಳಿನಷ್ಟೂ ಇಲ್ಲದ ದೀಪಗಳಂತೆ ಅವು. ಔಷಧಿ ಬಿಟ್ಟ ನನ್ನ ಕಣ್ಣಿಗೆ ಒಂದೊಂದೂ ಅಂಗೈಯಗಲ ಅರಳಿ ಕಂಡವು. ಹಸಿರು, ಹಳದಿ, ಅಲ್ಲೊಂದು ಇಲ್ಲೊಂದು ನೀಲಿ. ಕಪ್ಪು ಬೀರುಗಳ ಉದ್ದಕ್ಕೂ ಸಾಲುಸಾಲಾಗಿ ಮಿಣುಕುತ್ತಿದ್ದವು. ಎರಡು ಒಂದೇ ಸಮನೆ ಮಿಣುಕುವುದಿಲ್ಲ. ಒಂದು ತಡವರಿಸುತ್ತದೆ, ಇನ್ನೊಂದು ಉಸಿರುಬಿಡದೆ ಹರಟುತ್ತದೆ, ಮತ್ತೊಂದು ಯೋಚಿಸಿ ಯೋಚಿಸಿ ಒಂದು ಮಾತಾಡುತ್ತದೆ. ನನಗೆ ಮೈ ಜುಮ್ಮೆಂದಿತು.

"ಕೂತ್ಕೊಳ್ಳಿ ಮಾವ."

"ಕೂತ್ಕೋತೀನಿ ಇರು. ಅದೇನದು?"

ಅವಳು ನಕ್ಕಳು. "ಅದೇ ನಾನು ಹೇಳ್ತಿದ್ದ ಡಬ್ಬಗಳು."

ನಮ್ಮ ಎಕ್ಸ್‌ಚೇಂಜಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ. ಯಾರೋ ನಂಬರು ತಿರುಗಿಸಿದರೆ ಅಲ್ಲಿ ಕಟಕಟ ಎಂದು ಒಂದು ಮಷೀನು ಮೇಲೇರಿ ಹುಡುಕುತ್ತಿತ್ತು. ಬೆಳಿಗ್ಗೆ ಅಂಗಡಿ, ಕಚೇರಿ ತೆರೆಯುವ ಹೊತ್ತಿಗೆ ತಗಡಿನ ಮೇಲೆ ಮಳೆ ಬಿದ್ದಂತೆ ಸದ್ದೇಳುತ್ತಿತ್ತು. ಮಕ್ಕಳ ಪರೀಕ್ಷೆಯ ಫಲಿತಾಂಶ ಬಂದ ದಿನವಂತೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಯಾರು ಏನು ಮಾತಾಡಿದರು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ, ಊರು ಖುಷಿಯಾಗಿದೆಯೋ ಗಾಬರಿಯಾಗಿದೆಯೋ ಎನ್ನುವುದು ಮಾತ್ರ ಸದ್ದಿನಿಂದಲೇ ತಿಳಿಯುತ್ತಿತ್ತು. ಆ ಸದ್ದು ನಿಂತ ಮೇಲೆ ಪ್ರಪಂಚದಲ್ಲಿ ಅಂಥದ್ದು ಇನ್ನೆಲ್ಲೂ ಇಲ್ಲ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಅದೇ ಊರು, ಸದ್ದಿಲ್ಲದೆ ಬೆಳಕಿನಲ್ಲಿ ಮಾತಾಡುತ್ತಿತ್ತು.

"ಒಂದೊಂದು ಮಿಣುಕೂ ಒಬ್ಬೊಬ್ಬರ ಮಾತಾ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಮಗುವಿನ ಧ್ವನಿಯಂತೆ ಕೇಳಿಸಿತು.

"ಒಂದು ಮಿಣುಕಿನಲ್ಲಿ ಎಷ್ಟೋ ಜನರದ್ದು ಇರುತ್ತೆ ಮಾವ. ನೋಡಿ, ಆ ಸಾಲು ರಕ್ತ ಪರೀಕ್ಷೆಯ ಲ್ಯಾಬು. ಅದರ ಕೆಳಗಿಂದು ಔಷಧಿ ಅಂಗಡಿ. ಬಲಗಡೆ ತುದೀಲಿ ಹಸಿರು ದೀಪ ಇದೆಯಲ್ಲ, ಅದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನಿಡೋ ಕೋಣೆ. ಆ ಕೂಸುಗಳ ಎದೆಬಡಿತ ನರ್ಸುಗಳ ಮೇಜಿಗೆ ಹೋಗೋದು ಅದರ ಮೂಲಕವೇ."

ಆ ಹಸಿರು ದೀಪವನ್ನು ನೋಡಿದೆ. ಅದು ಚುರುಕಾಗಿ, ಬಿಡುವಿಲ್ಲದೆ ಮಿಣುಕುತ್ತಿತ್ತು. ಹಾಲುಗಲ್ಲದ ಕೂಸುಗಳು, ಹೆಸರೂ ಇಟ್ಟಿರದವು, ಆಗಲೇ ನನ್ನ ಸೊಸೆಯ ಕೈಕೆಳಗೆ ಮಾತಾಡುತ್ತಿದ್ದವು. ಔಷಧಿಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

"ಇನ್ನೊಂದು ತೋರಿಸ್ತೀನಿ," ಎಂದಳು. ಅವಳಿಗೂ ಹುಮ್ಮಸ್ಸು ಬಂದಿತ್ತು. "ಆ ಬೀರುವಿನ ಮೇಲುಗಡೆ ಒಂಟಿ ದೀಪ ಕಾಣ್ತಿದೆಯಾ? ಅಲ್ಲಿಂದ ಹೊರಡೋದು ಗಾಜಿನ ಎಳೆ, ಕೂದಲಷ್ಟು ಸಣ್ಣದು. ರಸ್ತೆ ಕೆಳಗೆ ಹಾದು ಎದುರುಗಡೆ ಹೊಸ ಕಟ್ಟಡಕ್ಕೆ ಹೋಗುತ್ತೆ. ಆ ಇಡೀ ಕಟ್ಟಡದ ಮಾತು ಆ ಒಂದೇ ಎಳೇಲಿ."

"ನಮ್ಮ ಕಾಲದಲ್ಲಿ ಒಂದು ಬೀದಿಗೆ ತೋಳು ದಪ್ಪದ ಕೇಬಲ್ಲು ಬೇಕಾಗ್ತಿತ್ತು ಕಣೇ," ಎಂದೆ. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ. ನಾನು ಮಾತಿಲ್ಲದೆ ಕೂರುವುದನ್ನು ನನ್ನ ಹೆಂಡತಿ ನೋಡಬೇಕಿತ್ತು.

ಆಗ ಬಾಗಿಲು ತಟ್ಟಿ ಆಡಳಿತಾಧಿಕಾರಿ ಒಳಗೆ ಬಂದರು. ನಮ್ಮ ಮನೆಯಲ್ಲಿ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತೇವೆ. ಯಾವ ವಿಷಯ ಎತ್ತಿದರೂ "ಒಂದು ಕಡೆಯಿಂದ ನೋಡಿದರೆ" ಎಂದು ಶುರುಮಾಡಿ, "ಇನ್ನೊಂದು ಕಡೆಯಿಂದ ನೋಡಿದರೆ" ಎಂದು ಮುಗಿಸುವವರಂತೆ. ಕೆಟ್ಟ ಮನುಷ್ಯರಲ್ಲ. ನನ್ನನ್ನು ಕಂಡು ಕೈ ಮುಗಿದು ಕುರ್ಚಿ ಎಳೆದುಕೊಂಡರು.

"ಸೊಸೆಗೆ ಒಳ್ಳೇ ಬುದ್ಧಿ ಹೇಳಿದ್ದೀರಂತೆ," ಎಂದರು. "ಒಂದು ಕಡೆಯಿಂದ ನೋಡಿದ್ರೆ ಇವರಂಥ ಕೆಲಸಗಾರ್ತಿ ನಮಗೆ ಸಿಗಲ್ಲ. ಇನ್ನೊಂದು ಕಡೆಯಿಂದ ನೋಡಿದ್ರೆ, ಮುಂದೆ ಈ ಕೆಲಸ ಅನ್ನೋದೇ ಇರಲ್ಲ. ಹೊರಗಿನ ಕಂಪನಿಯವರು ಎಲ್ಲೋ ಕೂತು ನೂರಾರು ಆಸ್ಪತ್ರೆಗಳನ್ನ ನೋಡ್ಕೊಳ್ತಾರೆ. ಮಷೀನೇ ತಪ್ಪು ಹುಡುಕುತ್ತೆ, ಮಷೀನೇ ಸರಿಮಾಡುತ್ತೆ."

"ಮಾಡುತ್ತೆ ಸಾರ್," ಎಂದಳು ಸೊಸೆ, ಕೀಲಿಮಣೆಯಿಂದ ಕಣ್ಣೆತ್ತದೆ. "ಹೇಗೆ ಸರಿಮಾಡಬೇಕು ಅಂತ ಯಾರೋ ಮೊದಲು ಹೇಳ್ಕೊಟ್ಟಿರಬೇಕು, ಅಷ್ಟೇ."

"ಆ ಯಾರೋ ನೀವೇ ಆಗ್ತೀರ ಅಂತ ನನಗೆ ಮಾತು ಕೊಡೋಕಾಗಲ್ಲವಲ್ಲಮ್ಮ."

ಊಟದ ಹೊತ್ತು, ಹೊಸ ಕಟ್ಟಡದಲ್ಲಿ ರೋಗಿಗಳ ಓಡಾಟ ಕಡಿಮೆ. ಅಲ್ಲಿಯ ಸಾಧನಕ್ಕೆ ಒಂದು ಹೊಸ ನಿಯಮ ಬರೆಯುವುದಿತ್ತಂತೆ. ಯಾವ ಯಾವ ಕಂಪ್ಯೂಟರು ಆ ದಾರಿಯಲ್ಲಿ ಬರಬಹುದು, ಯಾವುದು ಬರಬಾರದು ಎಂಬ ನಿಯಮ. ಹೊರಡುವ ಮುಂಚೆ ಮನೆ ಗುಡಿಸಿ ಹೋಗುವವರ ಹಾಗೆ ಅದೊಂದನ್ನು ಮುಗಿಸಿಬಿಡೋಣವೆಂದು ಅವಳು ಬೆರಳಾಡಿಸುತ್ತಿದ್ದಳು. ಸಾಹೇಬರು ನನ್ನ ಎಕ್ಸ್‌ಚೇಂಜಿನ ಬಗ್ಗೆ ಏನೋ ಕೇಳಿದರು, ನಾನು ಏನೋ ಹೇಳಿದೆ. ನನ್ನ ಗಮನವೆಲ್ಲ ಗಾಜಿನಾಚೆ ಇತ್ತು.

"ಅಯ್ಯೋ," ಎಂದಳು ಸೊಸೆ.

ಮೆಲ್ಲಗೆ ಅಂದಿದ್ದು. ಆದರೆ ಆ 'ಅಯ್ಯೋ' ನನಗೆ ಗೊತ್ತು. ಕತ್ತರಿಸಬಾರದ ತಂತಿ ಕತ್ತರಿಸಿದಾಗ ನನ್ನ ಬಾಯಿಂದಲೂ ಅದೇ ಬರುತ್ತಿತ್ತು.

ಗೋಡೆಯ ನಕ್ಷೆಯಲ್ಲಿ ಹೊಸ ಕಟ್ಟಡವಿದ್ದ ಜಾಗ ಕೆಂಪಗಾಯಿತು. ಮೇಜಿನ ಫೋನು ಬಡಿದುಕೊಳ್ಳತೊಡಗಿತು, ಆಮೇಲೆ ಅವಳ ಮೊಬೈಲು, ಆಮೇಲೆ ಸಾಹೇಬರದ್ದು. ಲ್ಯಾಬಿನ ವರದಿ ಬರುತ್ತಿಲ್ಲ, ಹೆಸರು ನೋಂದಾಯಿಸುವ ಕಂಪ್ಯೂಟರು ಸತ್ತಿದೆ, ಹೊಸ ಕಟ್ಟಡಕ್ಕೆ ಫೋನು ಹೋಗುತ್ತಿಲ್ಲ.

"ಏನಾಯ್ತಮ್ಮ?" ಸಾಹೇಬರು ಎದ್ದು ನಿಂತರು.

"ನಿಯಮದಲ್ಲಿ ಒಂದು ಸಾಲು ಬಿಟ್ಟೆ ಸಾರ್. ಒಳಗೆ ಬರಬಹುದಾದವರ ಪಟ್ಟಿ ಬರೆಯೋ ಮುಂಚೆಯೇ ಬಾಗಿಲು ಮುಚ್ಚಿಬಿಟ್ಟೆ. ಎಲ್ಲರೂ ಹೊರಗಾದ್ರು. ನಾನೂ ಹೊರಗಾದೆ. ಸರಿ ಮಾಡೋಣ ಅಂದ್ರೆ ಅಲ್ಲಿಗೆ ಹೋಗೋ ದಾರಿಯೂ ಅದೇ."

ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು ಎಂದು ನನಗೂ ಅರ್ಥವಾಯಿತು. ಬೆಳಿಗ್ಗೆ ನಾನು ಹೇಳಿದ್ದು ಅವಳ ತಲೆಯಲ್ಲಿ ಕೊರೆಯುತ್ತಿರದಿದ್ದರೆ ಈ ತಪ್ಪು ಆಗುತ್ತಿತ್ತೇ ಎಂದು ಒಂದು ಕ್ಷಣ ಅನ್ನಿಸಿತು.

"ನೀವು ಹೊಸ ಕಟ್ಟಡಕ್ಕೆ ಹೋಗಿ ಸಾರ್," ಎಂದಳು. ಅವಳ ಮುಖ ಬಿಳುಚಿತ್ತು, ಧ್ವನಿ ಮಾತ್ರ ನೆಟ್ಟಗಿತ್ತು. "ಅಲ್ಲಿ ಬೀರುವಿನ ಕೀಲಿಕೈ ಕಾವಲುಗಾರರ ಹತ್ತಿರ ಇದೆ, ನೀವು ಕೇಳಿದ್ರೆ ತಕ್ಷಣ ಕೊಡ್ತಾರೆ. ಮೇಲಿನ ಡಬ್ಬದ ಕರೆಂಟ್ ತೆಗೆದು ಮತ್ತೆ ಹಾಕಿ. ಬಹುಶಃ ಅದರ ಅಗತ್ಯ ಬೀಳಲ್ಲ. ಆದ್ರೂ ಹೋಗಿ."

ಸಾಹೇಬರು ತಮ್ಮ ಹೊಟ್ಟೆಯನ್ನೂ ವಯಸ್ಸನ್ನೂ ಮರೆತು ಓಡಿದರು.

"ಬಹುಶಃ ಅಂದ್ರೆ?" ಎಂದು ಕೇಳಿದೆ.

ಅವಳು ಗಾಜಿನ ಬಾಗಿಲು ತೆರೆದು ಒಳಗೆ ಹೋದಳು. ಹೊರಗಿನವರು ಒಳಗೆ ಹೋಗಬಾರದೆಂದು ಬಾಗಿಲ ಮೇಲೆ ಬರೆದಿತ್ತು, ನನ್ನ ಕಣ್ಣಿಗೆ ಆಗ ಅಕ್ಷರ ಕಾಣುತ್ತಿರಲಿಲ್ಲ. ನಾನೂ ಹಿಂದೆಯೇ ಹೋದೆ. ಒಳಗೆ ಚಳಿ, ಫ್ಯಾನುಗಳ ಒಂದೇ ಸಮನೆಯ ಭೋರ್ಗರೆತ. ಅವಳು ಆ ಒಂಟಿ ದೀಪದ ಮುಂದೆ ನಿಂತಳು. ಅದು ಉರಿಯುತ್ತಿತ್ತು, ಆದರೆ ಮಿಣುಕುತ್ತಿರಲಿಲ್ಲ. ಸುಮ್ಮನೆ ದಿಟ್ಟಿಸುತ್ತಿತ್ತು.

"ಮಾವ, ನಮ್ಮಲ್ಲಿ ಒಂದು ಪದ್ಧತಿ ಇದೆ," ಎಂದಳು. "ದೂರದ ಸಾಧನಕ್ಕೆ ಕೈ ಹಾಕೋ ಮುಂಚೆ ಅದಕ್ಕೆ ಒಂದು ಮಾತು ಹೇಳಿಡ್ತೀವಿ. ಇನ್ನು ಹತ್ತು ನಿಮಿಷದಲ್ಲಿ ನಾನು ಬಂದು ಎಲ್ಲಾ ಸರಿಯಿದೆ ಅಂತ ಹೇಳದಿದ್ರೆ, ನಾನು ದಾರಿ ತಪ್ಪಿಸ್ಕೊಂಡಿದ್ದೀನಿ ಅಂತ ತಿಳ್ಕೋ. ನೀನೇ ಆರಿ, ನೀನೇ ಎದ್ದು, ನಾನು ಮುಟ್ಟೋ ಮುಂಚೆ ಹೇಗಿದ್ದೆಯೋ ಹಾಗೆ ಆಗು ಅಂತ."

"ಅದು ಕೇಳುತ್ತಾ?"

"ಕೇಳುತ್ತೆ. ಹೇಳಿಟ್ಟಿದ್ರೆ."

"ಹೇಳಿಟ್ಟಿದ್ದೀಯಾ?"

ಅವಳು ತನ್ನ ಬಲಗೈಯನ್ನೇ ನೋಡಿಕೊಂಡಳು. "ಯಾವಾಗಲೂ ಹೇಳ್ತೀನಿ. ಇವತ್ತು ಹೇಳಿದೆನಾ ಅಂತ ನೆನಪಾಗ್ತಿಲ್ಲ ಮಾವ. ದಾರಿ ಮುಚ್ಚಿದ ಕೂಡಲೇ ಪರದೆಯೂ ಮುಚ್ಚಿಕೊಳ್ತು, ಏನು ಬರೆದಿದ್ದೆ ಅಂತ ನೋಡೋ ಹಾಗಿಲ್ಲ. ಮನೆಗೆ ಬೀಗ ಹಾಕಿ ಅರ್ಧ ದಾರಿ ಬಂದ ಮೇಲೆ ಹಾಕಿದೆನಾ ಅಂತ ಅನ್ಸುತ್ತಲ್ಲ, ಹಾಗೆ. ಕೈ ಹಾಕಿರುತ್ತೆ. ತಲೆಗೆ ಗೊತ್ತಿಲ್ಲ."

"ಈಗ ಏನು ಮಾಡೋದು?"

"ಈ ದೀಪ ನೋಡ್ತಾ ನಿಂತಿರೋದು. ಇದು ಆರಬೇಕು ಮಾವ. ಆರಿದ್ರೆ ನಾನು ಹೇಳಿಟ್ಟಿದ್ದೀನಿ ಅಂತ ಅರ್ಥ."

ದೀಪ ಆರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡೆ. ಸುತ್ತಲಿನ ದೀಪಗಳೆಲ್ಲ ತಮ್ಮ ಪಾಡಿಗೆ ಹರಟುತ್ತಿದ್ದವು, ಕೂಸುಗಳ ಹಸಿರು ದೀಪ ಚುರುಕಾಗಿಯೇ ಇತ್ತು. ಇದೊಂದೇ ಎವೆಯಿಕ್ಕದೆ ಉರಿಯುತ್ತಿತ್ತು. ಹೊರಗೆ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಅವಳು ಯಾವುದನ್ನೂ ಎತ್ತಲಿಲ್ಲ. ಹತ್ತು ನಿಮಿಷ ಎಷ್ಟುದ್ದ ಎಂದು ಹಲ್ಲು ಕೀಳಿಸಿಕೊಂಡವರನ್ನು ಕೇಳಬೇಕು.

ಅಷ್ಟು ಹೊತ್ತೂ ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ನನ್ನ ಕಾಲದಲ್ಲಿ ತಪ್ಪು ಮಾಡಿದರೆ ಸೈಕಲ್ ಹತ್ತಿ ಹೋಗಿ ಸರಿಮಾಡುತ್ತಿದ್ದೆವು, ಮೇಲಿನವರಿಂದ ಬೈಸಿಕೊಳ್ಳುತ್ತಿದ್ದೆವು. ತಪ್ಪು ಮಾಡುತ್ತೇನೆ ಎಂದು ಮೊದಲೇ ಒಪ್ಪಿಕೊಂಡು, ಹಿಂದಿರುಗುವ ದಾರಿಯನ್ನು ಮೊದಲೇ ಮಾಡಿಟ್ಟು, ಆಮೇಲೆ ಕೆಲಸಕ್ಕೆ ಕೈ ಹಾಕುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಾನಂತೂ ಹಾಗೆ ಬದುಕಿದವನಲ್ಲ. ನಾನು ಹೇಳಿದ್ದೇ ಸರಿ ಎಂದು ಕೂಗಾಡಿಯೇ ಇಷ್ಟು ದೂರ ಬಂದಿದ್ದೆ.

ದೀಪ ಆರಿತು.

ಅದರ ಜಾಗದಲ್ಲಿ ಬರೀ ಕಪ್ಪು. ಸೊಸೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅವಳ ಇನ್ನೊಂದು ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಸಾಹೇಬರು. ಅವರ ಏದುಸಿರು ನನಗೂ ಕೇಳಿಸಿತು. "ಕಾವಲುಗಾರ ಊಟಕ್ಕೆ ಹೋಗಿದ್ದಾನಮ್ಮ! ಹುಡುಕಿಸ್ತಿದ್ದೀನಿ! ಇನ್ನೂ ಬೀರು ತೆಗೆದಿಲ್ಲ!"

"ತೆಗೀಬೇಡಿ ಸಾರ್," ಎಂದಳು. "ತಾನೇ ಆರಿದೆ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನ್ನ ಕಣ್ಣಿಗೆ ತಿಳಿಯಲಿಲ್ಲ.

ಆಮೇಲೆಯೂ ಕಾಯಬೇಕಾಯಿತು. ರಸ್ತೆಯಾಚೆ, ಬೀಗ ಹಾಕಿದ ಬೀರುವಿನೊಳಗೆ, ಯಾರ ಕೈಯೂ ಸೋಕದೆ ಒಂದು ಡಬ್ಬ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತಿತ್ತು. ಕತ್ತಲೆಯನ್ನೇ ನೋಡುತ್ತ ನಿಂತೆವು. ಮೊದಲು ಹಳದಿ ಬಂತು, ಹೋಯಿತು. ಮತ್ತೆ ಬಂತು. ಆಮೇಲೆ ಹಸಿರಾಗಿ ನಿಂತಿತು. ಇನ್ನೂ ಮಾತಿಲ್ಲ. ಆಮೇಲೆ ಒಂದು ಸಲ ರೆಪ್ಪೆ ಬಡಿಯಿತು. ಇನ್ನೊಂದು ಸಲ. ಮರುಗಳಿಗೆಯಲ್ಲೇ ತಡೆದಿಟ್ಟ ಮಾತೆಲ್ಲ ಒಟ್ಟಿಗೇ ನುಗ್ಗಿಬಂದಂತೆ ಗಲಗಲ ಮಿಣುಕತೊಡಗಿತು. ಕೂದಲಷ್ಟು ಸಣ್ಣ ಎಳೆಯಲ್ಲಿ ಇಡೀ ಕಟ್ಟಡ ಮಾತಾಡುತ್ತಿತ್ತು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನನ್ನ ಮಗ ಮೊದಲ ಸಲ ಅತ್ತದ್ದು ಕೇಳಿದಾಗ ಹೀಗೇ ನಿಂತಿದ್ದೆ.

ಹೊರಗೆ ಫೋನುಗಳು ಒಂದೊಂದಾಗಿ ಸುಮ್ಮನಾದವು.

ಸಾಹೇಬರು ವಾಪಸ್ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಕುರ್ಚಿಯಲ್ಲಿ ಕುಸಿದು ಕೂತು ನೀರು ಕುಡಿದರು.

"ನೋಡಿ, ಇದಕ್ಕೇ ನಾನು ಹೇಳೋದು, ಮನುಷ್ಯರ ಕೈ ಅಂದ್ರೆ ಇಷ್ಟೇ," ಎಂದರು.

"ತಪ್ಪು ನನ್ನದೇ ಸಾರ್. ವರದಿ ಬರೆದು ಕೊಡ್ತೀನಿ," ಎಂದಳು ಸೊಸೆ. "ಆದ್ರೆ ಅದು ತಾನಾಗಿ ಸರಿಯಾಯ್ತು ಅಂದ್ಕೋಬೇಡಿ. ನನ್ನನ್ನ ಪೂರ್ತಿ ನಂಬಬೇಡ ಅಂತ ನಾನೇ ಅದಕ್ಕೆ ಹೇಳಿಟ್ಟಿದ್ದೆ."

ಸಾಹೇಬರು ಲೋಟ ಕೆಳಗಿಟ್ಟರು. ತಕ್ಕಡಿಯ ಎರಡು ತಟ್ಟೆಗಳೂ ಅವರ ಮುಖದಲ್ಲಿ ಏರಿಳಿಯುತ್ತಿದ್ದವು. "ಒಂದು ಕಡೆಯಿಂದ ನೋಡಿದ್ರೆ," ಎಂದು ಶುರುಮಾಡಿ ನಿಲ್ಲಿಸಿದರು. "ರಸ್ತೆ ದಾಟೋವಾಗ ಒಂದು ಯೋಚನೆ ಬಂತಮ್ಮ. ಹೊರಗಿನವರ ಕೈಯಲ್ಲಿ ಹೀಗಾಗಿದ್ರೆ ನಾನು ಯಾರ ಹತ್ತಿರ ಓಡಬೇಕಿತ್ತು ಅಂತ." ಇನ್ನೊಂದು ಕಡೆಯಿಂದ ಏನು ಕಾಣುತ್ತದೆ ಎಂದು ಹೇಳದೆ ಎದ್ದರು. ಬಾಗಿಲಲ್ಲಿ ತಿರುಗಿ, "ಐದರವರೆಗೂ ಸಮಯ ಇದೆ. ನಿಮ್ಮಿಷ್ಟ" ಎಂದು ಹೋದರು.

ದೊಡ್ಡ ಡಾಕ್ಟರು ನನ್ನ ಕಣ್ಣು ನೋಡಿ, ಪೊರೆ ಇನ್ನೂ ಬಲಿತಿಲ್ಲ ಎಂದು ಕಳುಹಿಸಿದರು. ಬಿಸಿಲು ಇಳಿಯಲಿ ಎಂದು ಸೊಸೆ ನನ್ನನ್ನು ಆಸ್ಪತ್ರೆಯ ಅಂಗಳದ ಮರದ ಕೆಳಗೆ ಬೆಂಚಿನ ಮೇಲೆ ಕೂರಿಸಿದಳು. ಎರಡು ಲೋಟ ಚಹಾ ತಂದು ಪಕ್ಕದಲ್ಲೇ ಕೂತಳು. ಮೊಬೈಲು ತೊಡೆಯ ಮೇಲಿತ್ತು. ಪರದೆಯ ಮೇಲೆ ಆದೇಶ, ಅದರ ಕೆಳಗೆ 'ಒಪ್ಪಿಗೆ'. ನನ್ನ ಕಣ್ಣು ಆಗಲೇ ಸ್ವಲ್ಪ ಸುಧಾರಿಸಿತ್ತು, ಆ ಮೂರಕ್ಷರ ಮಸುಕುಮಸುಕಾಗಿ ಕಂಡಿತು.

"ಮಾವ," ಎಂದಳು. "ಆ ದೂರು ವಿಭಾಗದ ಕುರ್ಚೀಲಿ ಹೇಗಿತ್ತು?"

ಆ ಕುರ್ಚಿಯ ಬಗ್ಗೆ ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಏನಾದರೂ ಒಳ್ಳೆಯದು ಹೇಳೋಣವೆಂದು ಹುಡುಕಿದೆ. ಕಿಟಕಿ ಇರಲಿಲ್ಲ. ಬಂದವರೆಲ್ಲ ಬೈಯುತ್ತಿದ್ದರು. ಎದ್ದು ಹೋಗಿ ಸರಿಮಾಡಲು ನನ್ನ ಕೈಯಲ್ಲಿ ಒಂದು ತಂತಿಯೂ ಇರಲಿಲ್ಲ.

"ಫ್ಯಾನ್ ಚೆನ್ನಾಗಿತ್ತು," ಎಂದೆ.

ಅವಳು ಪಕ್ಕನೆ ನಕ್ಕಳು. ಚಹಾ ನೆತ್ತಿಗೇರಿತು. ನಾನೂ ನಕ್ಕೆ.

"ಈ ಕೆಲಸ ಮುಂದೆ ಇರುತ್ತೇನಮ್ಮ?" ಎಂದು ಕೇಳಿದೆ.

"ಗೊತ್ತಿಲ್ಲ ಮಾವ. ಇದೇ ರೂಪದಲ್ಲಿ ಇರಲ್ಲ. ನಾನು ಕಲಿತದ್ದರಲ್ಲಿ ಅರ್ಧ ಆಗಲೇ ಹಳೇದಾಗಿದೆ. ಆದ್ರೆ ಜನ ಒಬ್ಬರ ಜೊತೆ ಒಬ್ಬರು ಮಾತಾಡೋದು ನಿಲ್ಲಿಸಲ್ಲವಲ್ಲ. ನಿಮ್ಮ ಮಷೀನೆಲ್ಲ ಗುಜರಿಗೆ ಹೋಯ್ತು ಅಂದ್ರಿ. ಮಾತು ಹೋಯ್ತಾ?"

ನನ್ನ ಬಾಯಲ್ಲಿ ಮಾತು ತುಂಬಿಕೊಂಡಿತ್ತು. ಬೆಳಿಗ್ಗೆ ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡೆ, ಒತ್ತಬೇಡ, ಆ ಕೋಣೆ ಬಿಟ್ಟು ಎಲ್ಲೂ ಹೋಗಬೇಡ ಎಂದು ಕೂಗಿ ಹೇಳಬೇಕೆನ್ನಿಸಿತು. ಬಾಯಿ ತೆರೆದೆ.

"ಏನೂ ಹೇಳಬೇಡಿ ಮಾವ," ಎಂದಳು ಮೆಲ್ಲಗೆ. "ನಿಮ್ಮ ಮಾತಿಗೆ ಹ್ಞೂಂ ಅಂದೆ ನಿಜ. ಐದರವರೆಗೂ ಹ್ಞೂಂ ಅಂತಲೇ ಇಟ್ಕೊಂಡಿದ್ದೀನಿ. ಸರಿ ಅನ್ನಿಸಿದ್ರೆ ಒತ್ತುತೀನಿ. ಇಲ್ಲದಿದ್ರೆ ತಾನೇ ಮೊದಲು ಹೇಗಿತ್ತೋ ಹಾಗಾಗುತ್ತೆ."

ಬಾಯಿ ಮುಚ್ಚಿಕೊಂಡೆ. ಮುಂಗೋಪಿಗೆ ಅದೆಷ್ಟು ಕಷ್ಟ ಎಂದು ಮುಂಗೋಪಿಗಳಿಗೇ ಗೊತ್ತು.

ಆಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಆಸ್ಪತ್ರೆಗೆ ಬಂದಾಗಲೆಲ್ಲ ಅದು ಅವಳ ನೆಟ್‌ವರ್ಕಿಗೇ ಸೇರಿಕೊಳ್ಳುವ ಹಾಗೆ ಸೊಸೆಯೇ ಮಾಡಿಟ್ಟಿದ್ದಳು. ಹೆಂಡತಿ.

"ಏನ್ರೀ, ಐದಾಗ್ತಾ ಬಂತು. ಅವಳು ಒತ್ತಿದ್ಲೋ ಇಲ್ವೋ? ಇಬ್ಬರೂ ಅಲ್ಲೇ ಬೇರು ಬಿಟ್ರಾ? ಬಾಯಲ್ಲಿ ಏನು ಇಟ್ಕೊಂಡಿದ್ದೀರಿ?"

ಅವಳ ಬೈಗುಳ ಕೇಳುತ್ತ ನಾನು ಆ ಕತ್ತಲೆ ಕೋಣೆಯನ್ನು ನೆನೆದೆ. ಇವಳ ಒಂದೊಂದು ಮಾತಿಗೂ ಅಲ್ಲಿ ಒಂದು ದೀಪ, ಕೂಸುಗಳ ಎದೆಬಡಿತದ ಪಕ್ಕದಲ್ಲೇ, ಗಲಗಲ ಮಿಣುಕುತ್ತಿರಬೇಕು.

"ಕಣ್ಣು ಕಾಣ್ತಿಲ್ಲ ಕಣೇ," ಎಂದೆ. "ಆದ್ರೂ ಇನ್ನೊಂದಿಷ್ಟು ಬೈ. ಚೆನ್ನಾಗಿದೆ."

ಆ ಕಡೆ ಮೌನ. ಮದುವೆಯಾದಾಗಿನಿಂದ ಅವಳನ್ನು ಹೀಗೆ ಸುಮ್ಮನಾಗಿಸಿದ್ದು ಇದೇ ಮೊದಲು. ಫೋನು ಇಟ್ಟೆ.

ಅಂಗಳದಾಚೆ ಐದಕ್ಕೆ ಸರದಿ ಬದಲಾಗುವ ಗಂಟೆ ಬಾರಿಸಿತು. ನರ್ಸುಗಳು ಗುಂಪುಗುಂಪಾಗಿ ಹೊರಗೆ ಬಂದರು. ನನಗೆ ಔಷಧಿ ಬಿಟ್ಟವಳೂ ಅವರಲ್ಲಿದ್ದಳು, ಸೊಸೆಯನ್ನು ನೋಡಿ ಕೈಬೀಸಿದಳು. ಸೊಸೆಯ ತೊಡೆಯ ಮೇಲೆ ಮೊಬೈಲಿನ ಪರದೆ ಮಸುಕಾಗುತ್ತ ಬಂತು. ಅವಳು ಅದನ್ನು ಮುಟ್ಟಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅದು ತಾನಾಗಿಯೇ ಆರಿತು.